ಒಣಗಿದ ಬಚ್ಚಲು

ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಎದುರುಗೋಡೆಯ ಅಕ್ಷರಗಳನ್ನು ಓದುತ್ತಿದ್ದ ಟೀಚರಮ್ಮ ಕೆಳಗಿನ ಸಾಲಿಗೆ ಬಂದು ತಡವರಿಸಿದಾಗ, ಕಣ್ಣಿನ ಮುಂದಿನ ಗಾಜು ಬದಲಿಸಲೆಂದು ಅವನು ಮುಂದಕ್ಕೆ ಬಾಗಿದ. ಆಕೆ ಹಿಂದಕ್ಕೆ ಸರಿದರು. ಅಷ್ಟೇ ನಡೆದದ್ದು. ತಲೆ ಕುರ್ಚಿಯ ಬೆನ್ನಿಗೆ ತಾಗಿತು, ಮೂಗಿನ ಹೊಳ್ಳೆಗಳು ಒಮ್ಮೆ ಕಿರಿದಾದವು, ಆಮೇಲೆ ಆಕೆ ಏನೂ ಆಗಿಲ್ಲವೆಂಬಂತೆ ಮುಂದಿನ ಅಕ್ಷರ ಓದಿದರು, ಅದನ್ನೂ ತಪ್ಪಾಗಿ. ಬೇರೆ ಯಾರಾದರೂ ಆಗಿದ್ದರೆ ಗಮನಿಸುತ್ತಲೇ ಇರಲಿಲ್ಲ. ಆದರೆ ಅವನು ಈ ಕನ್ನಡಕದಂಗಡಿಯಲ್ಲೇ ಕೂದಲು ನೆರೆಸಿಕೊಂಡವನು. ಜನರ ಮುಖಕ್ಕೆ ಅವರ ಹೆಂಡಿರು ಮಕ್ಕಳಿಗಿಂತ ಹತ್ತಿರ ಹೋಗುವುದೇ ಅವನ ಕಸುಬು. ಯಾರ ರೆಪ್ಪೆ ಯಾವಾಗ ಅದುರುತ್ತದೆ, ಯಾರು ಕಾಣದ ಅಕ್ಷರವನ್ನು ಕಂಡಂತೆ ನಟಿಸುತ್ತಾರೆ, ಎಲ್ಲ ಅವನಿಗೆ ತಿಳಿಯುತ್ತದೆ. ಟೀಚರಮ್ಮ ಉಸಿರು ಬಿಗಿಹಿಡಿದಿದ್ದರು. ನಿನ್ನೆ ಬಂದ ಬಸ್ಸಿನ ಕಂಡಕ್ಟರನೂ ಹಿಡಿದಿದ್ದ. ಅದಕ್ಕೂ ಮೊದಲು ಒಬ್ಬರು ಮುದುಕರು ಮುಚ್ಚುಮರೆಯಿಲ್ಲದೆ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡಿದ್ದರು. ನೆಗಡಿ ಇರಬೇಕು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಟೀಚರಮ್ಮ ಹೋದ ಮೇಲೆ ಅಂಗಡಿಯ ಯಜಮಾನರು ಕುರ್ಚಿಯಿಂದೆದ್ದು ಬಂದು, ಸೆಕೆ, ಧೂಳು, ರಸ್ತೆಯ ಗಲಾಟೆ ಎಂದು ಊರೆಲ್ಲ ಸುತ್ತಿ, ಕೊನೆಗೆ ಜೇಬಿನಿಂದ ಪೆಪ್ಪರಮಿಂಟಿನ ಪೊಟ್ಟಣ ತೆಗೆದು ಅವನ ಮೇಜಿನ ಮೇಲಿಟ್ಟರು. "ಇಟ್ಕೊಳ್ಳಿ, ಗಂಟಲಿಗೆ ಒಳ್ಳೇದು" ಅಂದರು. ಅವನ ಗಂಟಲಿಗೆ ಏನೂ ಆಗಿರಲಿಲ್ಲ. "ಇವತ್ತು ಗಿರಾಕಿ ಕಮ್ಮಿ. ಬೇಕಾದ್ರೆ ಮನೆಗೆ ಹೋಗಿ ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದೂ ಸೇರಿಸಿದರು. ಗಾಜಿನ ಬಾಗಿಲಿನಾಚೆ ಬೆಂಚಿನ ತುಂಬ ಗಿರಾಕಿಗಳು ಕೂತಿದ್ದರು. ಅವನು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡ. ಕೊಟ್ಟದ್ದನ್ನು ತಿನ್ನದಿದ್ದರೆ ಅರ್ಥವಾಯಿತೆಂದು ಒಪ್ಪಿಕೊಂಡ ಹಾಗೆ, ತಿಂದರೂ ಒಪ್ಪಿಕೊಂಡ ಹಾಗೆ. ಯಜಮಾನರ ಕಿವಿ ಮಾತ್ರ ಕೆಂಪಾಗಿತ್ತು. ಪಾಪ, ಒಳ್ಳೆಯ ಮನುಷ್ಯ. ಒಳ್ಳೆಯವರು ಮಾಡುವ ಅವಮಾನಕ್ಕೆ ತಿರುಗಿ ಬೈಯುವ ಅವಕಾಶವೂ ಇರುವುದಿಲ್ಲ.

ದಾರಿಯಲ್ಲಿ ಅವನು ಎರಡು ಸಲ ನಿಂತು, ಗಡಿಯಾರ ನೋಡುವವನಂತೆ ಕೈಯೆತ್ತಿ ತೋಳಿನ ಬಟ್ಟೆ ಮೂಸಿದ. ಇತ್ತು. ಕೊಳೆತ ಮೊಟ್ಟೆಯಂತೆ ಅನ್ನಬೇಕೋ, ಮುಚ್ಚಳ ತೆಗೆದ ಚರಂಡಿಯಂತೆ ಅನ್ನಬೇಕೋ, ತೆಳ್ಳಗೆ, ಇದೆಯೋ ಇಲ್ಲವೋ ಎನ್ನುವಂತೆ ಇತ್ತು. ಬೆಳಿಗ್ಗೆ ತಾನೇ ಚರ್ಮ ಕಿತ್ತುಬರುವ ಹಾಗೆ ಉಜ್ಜಿಕೊಂಡು ಮಿಂದಿದ್ದ. ಒಗೆದು ಇಸ್ತ್ರಿ ಮಾಡಿದ ಅಂಗಿ. ಒಳಗೇ ಏನೋ ಕೆಟ್ಟಿರಬೇಕು ಎಂಬ ಅನುಮಾನ ಕೆಲವು ದಿನಗಳಿಂದ ಅವನನ್ನು ಕೊರೆಯುತ್ತಿತ್ತು: ಯಕೃತ್ತೋ, ಹಲ್ಲಿನ ಬುಡವೋ, ಅಥವಾ ಡಾಕ್ಟರರಿಗೂ ಸಿಗದಂಥ ಇನ್ನೇನೋ. ಮನುಷ್ಯ ಒಳಗೊಳಗೇ ಕೊಳೆಯಲು ಶುರುವಾದರೆ ಮೊದಲು ಗೊತ್ತಾಗುವುದು ಎದುರು ಕೂತವರಿಗಂತೆ. ಯಾರು ಹೇಳಿದ್ದೆಂದು ನೆನಪಾಗಲಿಲ್ಲ. ಪ್ರಾಯಶಃ ಯಾರೂ ಹೇಳಿರಲಿಲ್ಲ.

ಅವನಿಗೆ ಹೀಗಾಯಿತೆಂದು ತಿಳಿದರೆ ಇಡೀ ಬೀದಿ ನಕ್ಕೀತು. ಏಕೆಂದರೆ ಮೋರಿಯ ವಿಷಯದಲ್ಲಿ ಬೀದಿಗೆಲ್ಲ ಪಾಠ ಹೇಳುತ್ತಿದ್ದವನು ಅವನೇ. ಹೆಂಡತಿ ಅವನಿಗೆ ಮೋರಿ ಮಹಾಶಯರು ಎಂದು ಹೆಸರಿಟ್ಟಿದ್ದಳು. ಎಣ್ಣೆ ಬಾಣಲೆಯನ್ನು ಹಳೇ ಪೇಪರಿನಿಂದ ಒರೆಸದೆ ಸಿಂಕಿಗೆ ಇಳಿಸುವ ಹಾಗಿಲ್ಲ. ತಟ್ಟೆಯ ಎಂಜಲು ಮೊದಲು ಕಸದ ಬುಟ್ಟಿಗೆ, ಆಮೇಲೆ ತಟ್ಟೆ ನಲ್ಲಿಯ ಕೆಳಗೆ. ಬಚ್ಚಲಿನ ಜಾಲರಿಯ ಮೇಲೆ ಕೂದಲು ಕಂಡರೆ ಅದು ಯಾರ ತಲೆಯದೆಂದು ವಿಚಾರಣೆ. ಭಾನುವಾರ ಬಂತೆಂದರೆ ಅವನು ಲುಂಗಿ ಎತ್ತಿಕಟ್ಟಿ, ಒಂದೊಂದು ಕಿಂಡಿಗೂ ಬಿಸಿನೀರು ಸುರಿದು, ಅದು ಗೊಳಗೊಳ ಎಂದು ಇಳಿಯುವ ಸದ್ದಿಗೆ ಕಿವಿಗೊಟ್ಟು ನಿಲ್ಲುವನು. ಸದ್ದು ಸರಿಯಾಗಿದ್ದರೆ ಮುಖದ ಮೇಲೆ ಮೂಡುತ್ತಿದ್ದ ತೃಪ್ತಿಯನ್ನು ಹೆಂಡತಿ ಅಕ್ಕಪಕ್ಕದವರಿಗೆ ನಟಿಸಿ ತೋರಿಸುತ್ತಿದ್ದಳು. "ನನ್ನ ಹಾಡು ಕೇಳುವಾಗ ಒಂದಿನಾನೂ ಹೀಗೆ ಕಣ್ಣು ಮುಚ್ಚಿದೋರಲ್ಲ" ಅನ್ನುವಳು. ಈಚೆಗೆ ಮನೆಯಲ್ಲೂ ಅದೇ ನಾತ ಸುಳಿಯತೊಡಗಿದ ಮೇಲೆ ಅವನ ಭಾನುವಾರ ಬುಧವಾರಕ್ಕೂ ಹಬ್ಬಿತ್ತು. ಅಡುಗೆಮನೆಯ ಸಿಂಕಿನ ಕೆಳಗಿನ ಬಾಗುಪೈಪನ್ನು ಬಿಚ್ಚಿ ತೊಳೆದಿದ್ದ, ಬಚ್ಚಲಿನ ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ್ದ, ಹಿತ್ತಲ ಗುಂಡಿಯ ಮುಚ್ಚಳದ ಅಂಚಿಗೆ ಸಿಮೆಂಟು ಮೆತ್ತಿದ್ದ. ಎಲ್ಲ ಕಿಂಡಿಗಳೂ ಫಳಫಳ ಹೊಳೆಯುತ್ತಿದ್ದವು. ವಾಸನೆ ಮಾತ್ರ ಕದಲಲಿಲ್ಲ.

ಮೊದಲು ಆ ವಾಸನೆ ಬಂದಾಗ ಅವನಿಗೆ ಒಂದು ಬಗೆಯ ಕೋಪಭರಿತ ಸಂತೋಷವೇ ಆಗಿತ್ತು. ಜೊತೆಯಲ್ಲಿದ್ದು ಮನೆ ಬಿಟ್ಟುಹೋದ ತನ್ನ ತಮ್ಮ ಹಿಂದೆ ಉಳಿಸಿಹೋದದ್ದು ಎಂದುಕೊಂಡಿದ್ದ. ಆ ತಮ್ಮ ಊರಾಚೆಯ ಸಾಬೂನು ಕಾರ್ಖಾನೆಯಲ್ಲಿ ಕೊಬ್ಬು ಕುದಿಸುವ ದೊಡ್ಡ ಕೊಪ್ಪರಿಗೆಯ ಬಳಿ ಕೆಲಸ ಮಾಡುವವನು. ಮದುವೆಯಿಲ್ಲ, ಸ್ವಂತ ಮನೆಯಿಲ್ಲ, ಎಲ್ಲಿ ಹೋದರೂ ಮೊದಲು ಅವನ ನಗು ಹೋಗುತ್ತಿತ್ತು, ಅದರ ಹಿಂದೆ ಕಮಟು ಎಣ್ಣೆಯ ಘಾಟು. ಊರಿಗೆಲ್ಲ ಸುವಾಸನೆ ಹಂಚುವ ಕಾರ್ಖಾನೆಯ ಕೆಲಸಗಾರನ ಮೈಗೆ ಯಾಕೆ ಅಂಥ ಘಾಟು ಎಂದು ಕೇಳಿದರೆ, "ಪರಿಮಳ ಹಾಕೋದು ಕೊನೇ ಶೆಡ್ಡಲ್ಲಿ ಅತ್ತಿಗೆ, ನನಗೆ ಅಲ್ಲೀವರೆಗೂ ಪ್ರಮೋಷನ್ ಸಿಕ್ಕಿಲ್ಲ" ಎನ್ನುವನು. ಅತ್ತಿಗೆ ಅವನನ್ನು ನೊರೆರಾಯ ಎಂದು ಕರೆಯುತ್ತಿದ್ದಳು. ಹಿಂದಿನ ಕೋಣೆ, ಅದಕ್ಕೆ ಅಂಟಿಕೊಂಡ ಪುಟ್ಟ ಬಚ್ಚಲು ಅವನದು. ಸಂಜೆ ಬಂದವನೇ ಅಲ್ಲಿ ಕೂತು, ಜಿಡ್ಡು ಹಿಡಿದ ಕೆಲಸದ ಬಟ್ಟೆ ಒಗೆಯುತ್ತ ಶಿಳ್ಳೆ ಹಾಕುವನು. ಆ ಜಿಡ್ಡು ಬಿಸಿನೀರಿನಲ್ಲಿ ಕರಗಿ ಇಳಿದು, ಮುಂದೆ ಎಲ್ಲೋ ತಣ್ಣಗಾಗಿ, ಪೈಪಿನ ಒಳಮೈಗೆ ಪದರ ಪದರವಾಗಿ ಮೆತ್ತಿಕೊಳ್ಳುತ್ತದೆ ಎಂದು ಅಣ್ಣ ಹೇಳಿದ್ದ. ಒಂದು ಸಲವಲ್ಲ, ತಮ್ಮನ ಶಿಳ್ಳೆಯ ರಾಗ ಬದಲಾದಾಗಲೆಲ್ಲ ಹೇಳಿದ್ದ. ತಮ್ಮ ಪ್ರತಿಸಲವೂ ತಲೆಯಾಡಿಸಿದ್ದ.

ಕೊನೆಗೊಂದು ದಿನ ಆ ಬಚ್ಚಲಲ್ಲಿ ನೀರು ಕಟ್ಟಿಕೊಂಡಾಗ ಅಣ್ಣ ಮೊಣಕೈವರೆಗೆ ಕೈಯಿಳಿಸಿ ಒಂದು ಮುದ್ದೆ ಎಳೆದು ತೆಗೆದಿದ್ದ. ಬೂದುಬಣ್ಣದ, ಮೇಣದಂಥ ಮುದ್ದೆ. ಅದನ್ನು ಪೇಪರಿನ ಮೇಲಿಟ್ಟುಕೊಂಡು ನೇರವಾಗಿ ಊಟದ ಮೇಜಿನ ಬಳಿಗೆ ಬಂದಿದ್ದ. ಯಾಕೆ ತಂದನೋ, ಸಾಕ್ಷಿ ಹಿಡಿದ ಪೊಲೀಸನ ಹಾಗೆ. ತಮ್ಮ ತುತ್ತು ಎತ್ತಿದ್ದ. "ನೀನು ಕಾಲಿಟ್ಟಾಗಿನಿಂದ ಈ ಮನೆ ನಾರ್ತಾ ಇದೆ ಕಣೋ" ಎಂದು ಅವನು ಅಂದ. ಅಂದಮೇಲೆ ಇನ್ನೂ ಏನೇನೋ ಅನ್ನಲು ಬಾಯಿ ತೆರೆದಿದ್ದ, ಆದರೆ ತಮ್ಮ ಆ ತುತ್ತನ್ನು ಬಾಯಿಗಿಟ್ಟು ನಿಧಾನ ಅಗಿಯತೊಡಗಿದ್ದು ನೋಡಿ ಮಾತು ನಿಂತುಹೋಯಿತು. ಹೆಂಡತಿ ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದಳು. ತಮ್ಮ ಊಟ ಮುಗಿಸಿದ, ಎದ್ದ, ತಟ್ಟೆಯ ಎಂಜಲನ್ನು ಮೊದಲು ಕಸದ ಬುಟ್ಟಿಗೆ ಹಾಕಿದ, ಆಮೇಲೆ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದ. ಮಾರನೇ ದಿನ ಕೋಣೆ ಖಾಲಿಯಾಗಿತ್ತು; ಅಣ್ಣ ಅದಕ್ಕೆ ಬೀಗ ಹಾಕಿದ್ದ. ಬೈದಿದ್ದರೆ, ತಟ್ಟೆ ಎತ್ತಿ ಎಸೆದಿದ್ದರೆ ಅವನು ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದ. ಆ ಎಂಜಲನ್ನು ಬುಟ್ಟಿಗೆ ಹಾಕಿದ ಕೈಯನ್ನು ಮಾತ್ರ ಮರೆಯಲಾಗಲಿಲ್ಲ.

ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಗಂಡನನ್ನು ನೋಡಿ ತುಳಿಯುವುದನ್ನು ನಿಲ್ಲಿಸಿದಳು. ಅವನು ಚಪ್ಪಲಿ ಬಿಡದೆ, ಪೀಠಿಕೆಯಿಲ್ಲದೆ, ಅವಳ ಮುಂದೆ ಹೋಗಿ ನಿಂತು, "ನನ್ನ ಹತ್ರ ಬಂದು ಮೂಸಿ ನೋಡು" ಅಂದ.

"ಏನ್ರೀ ಇದು, ಈ ವಯಸ್ಸಲ್ಲಿ?"

"ತಮಾಷೆ ಬೇಡ. ನಾನು ನಾರ್ತೀನಾ? ನಿಜ ಹೇಳು. ಅಂಗಡೀಲಿ ಎಲ್ರೂ ಮುಖ ಆ ಕಡೆ ತಿರುಗಿಸ್ತಾರೆ. ಯಜಮಾನರು ಪೆಪ್ಪರಮಿಂಟು ಕೊಟ್ಟು ಮನೆಗೆ ಕಳಿಸಿದ್ರು."

ಅವಳಿಗೆ ನಗು ಬಂತು. ಅವನ ಮುಖ ನೋಡಿ ಅದನ್ನು ನುಂಗಿಕೊಂಡಳು. ಎದ್ದು ಬಂದು ಅವನ ಕತ್ತಿನ ಬಳಿ ಮೂಗು ತಂದಳು, ಆಮೇಲೆ ಅಂಗಿಯ ಕಾಲರು ಹಿಡಿದು ಮೂಸಿದಳು. "ನೀವಲ್ಲ, ನಿಮ್ಮ ಅಂಗಿ" ಅಂದಳು. "ಅಂಗಿ ಎಲ್ಲಿ ನೇತುಹಾಕ್ತೀರಿ? ಆ ಹಿಂದಿನ ರೂಮಿನ ಬಾಗಿಲಿಗೆ. ಬಾಗಿಲ ಸಂದಿಯಿಂದ ರಾತ್ರಿಯೆಲ್ಲಾ ಬರ್ತಿರುತ್ತೆ."

"ಗೊತ್ತಿತ್ತಾ ನಿನಗೆ?"

"ಮೂಗಿದೆಯಲ್ಲ."

"ಮತ್ತೆ ಯಾಕೆ ಬಾಯಿಬಿಡಲಿಲ್ಲ? ಊರವರ ಮುಂದೆ ನಾನು..."

"ಹೇಳಿದ್ರೆ ಏನು ಮಾಡ್ತಿದ್ರಿ? ನೋಡಿದ್ಯಾ, ಹೋದ್ರೂ ಅವನ ನಾತ ಹೋಗಿಲ್ಲ ಅಂತ ಅದನ್ನೂ ನೊರೆರಾಯನ ತಲೆಗೇ ಕಟ್ತಿದ್ರಿ. ಇನ್ನೊಂದು ಸಲ ಆ ಮಾತು ಕೇಳೋಕೆ ನನಗಾಗಲ್ಲ." ಅವಳ ದನಿ ಏರಿರಲಿಲ್ಲ. "ಬೀಗ ಹಾಕಿದೋರು ನೀವು. ತೆಗೀಬೇಕಾದೋರೂ ನೀವೇ ಅಂತ ಕಾಯ್ತಾ ಇದ್ದೆ." ಅಷ್ಟು ಹೇಳಿ ಮತ್ತೆ ಹೋಗಿ ಯಂತ್ರದ ಮುಂದೆ ಕೂತಳು, ಆದರೆ ತುಳಿಯಲಿಲ್ಲ.

ಬೀಗದ ಕೈ ಅವನ ಗೊಂಚಲಿನಲ್ಲೇ ಇತ್ತು, ಅಂಗಡಿಯ ಕಪಾಟಿನ ಕೀಲಿಯ ಪಕ್ಕದಲ್ಲಿ. ಬಾಗಿಲು ತೆರೆಯುತ್ತಲೇ ವಾಸನೆ ಮುಖಕ್ಕೆ ರಾಚಿತು. ಅವನಿಗೆ ವಾಕರಿಕೆಯ ಜೊತೆಗೇ ಒಂದು ನಿರಾಳವೂ ಆಯಿತು. ಯಕೃತ್ತಲ್ಲ, ಹಲ್ಲಲ್ಲ. ಕೋಣೆಯಲ್ಲಿ ಮಂಚ, ಮಡಚಿಟ್ಟ ಹಾಸಿಗೆ, ಗೋಡೆಯಲ್ಲಿ ಮೊಳೆ. ಮೊಳೆಯ ಸುತ್ತ ತಮ್ಮನ ಕೆಲಸದ ಅಂಗಿ ಉಜ್ಜಿ ಉಜ್ಜಿ ಆದ ಮಾಸಲು ಗುರುತು. ಒಳಗಿನ ಬಚ್ಚಲಿನ ಬಾಗಿಲು ತಳ್ಳಿ ದೀಪ ಹಾಕಿದ. ನೆಲ ಎಲುಬಿನ ಹಾಗೆ ಬೆಳ್ಳಗೆ ಒಣಗಿತ್ತು. ಒಂದು ಕಲೆಯಿಲ್ಲ, ಒಂದು ಕೂದಲಿಲ್ಲ. ಇಷ್ಟು ಶುದ್ಧವಾದ ಜಾಗ ಇಡೀ ಮನೆಯಲ್ಲಿ ಇರಲಿಲ್ಲ. ಅವನು ಕುಕ್ಕರುಗಾಲಿನಲ್ಲಿ ಕೂತು ಜಾಲರಿ ಎತ್ತಿ, ಕೆಳಗಿನ ಬಟ್ಟಲಿನೊಳಗೆ ಬೆರಳಾಡಿಸಿದ. ಬೆರಳಿಗೆ ಧೂಳು ಹತ್ತಿತು.

ಆಗ ಅವನಿಗೆ ತನ್ನ ಕೈಗಳೇ ನೆನಪಾದವು. ತಮ್ಮ ಹೋದ ದಿನ ಅವು ಈ ನೆಲವನ್ನು ಉಜ್ಜಿದ್ದವು. ತಪ್ಪು ತನ್ನದಲ್ಲವೆಂದು ಸಾಧಿಸುವವನ ಹಟದಿಂದ ಮೂಲೆ ಮೂಲೆ ಕೆರೆದಿದ್ದವು. ಆಮೇಲೆ, ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆಂದು, ಜಾಲರಿ ಎತ್ತಿ, ಆ ಬಟ್ಟಲಿನಲ್ಲಿದ್ದ ನೀರನ್ನೂ ಬಟ್ಟೆಯಲ್ಲಿ ಹೀರಿ ಹೀರಿ ಹಿಂಡಿ ತೆಗೆದಿದ್ದವು, ಒಂದು ಹನಿಯೂ ಉಳಿಯದ ಹಾಗೆ. ಆ ನೀರು ಅಲ್ಲಿರುವುದು ಯಾಕೆಂದು ಬಲ್ಲವನೇ ಆ ಕೆಲಸ ಮಾಡಿದ್ದ. ತಮ್ಮ ಈ ಮನೆಗೆ ಬಂದ ಮೊದಲ ಸಂಜೆ ಇದೇ ಜಾಗದಲ್ಲಿ ಅವನನ್ನು ಕೂರಿಸಿಕೊಂಡು ಹೇಳಿಕೊಟ್ಟಿದ್ದ: ಈ ಬಟ್ಟಲಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರಬೇಕು, ಆ ನೀರೇ ಬಾಗಿಲು, ಅದಿಲ್ಲದಿದ್ದರೆ ಬೀದಿಯ ಚರಂಡಿಯ ಗಾಳಿಯೆಲ್ಲ ನೇರ ಮನೆಯೊಳಗೆ, ಊರಿಗೆ ಹೋಗುವಾಗ, ಯಾರೂ ಬಳಸದ ಬಚ್ಚಲಿಗೂ ಒಂದು ಚೊಂಬು ನೀರು ಹಾಕಿ ಹೋಗಬೇಕು. ತಮ್ಮ ಗಂಭೀರವಾಗಿ ಕೇಳಿ, "ಅಂದ್ರೆ ನಾನು ದಿನಾ ಸ್ನಾನ ಮಾಡಿದ್ರೆ ಸಾಕು, ಮನೆ ಕಾವಲು ಆದ ಹಾಗೆ" ಅಂದಿದ್ದ. ಇಬ್ಬರೂ ನಕ್ಕಿದ್ದರು. ಎಲ್ಲ ಗೊತ್ತಿದ್ದೂ, ಆ ದಿನ ಬಟ್ಟೆ ಹಿಂಡುವಾಗ ಅವನ ತಲೆಯಲ್ಲಿದ್ದದ್ದು ಒಂದೇ: ಇವನದು ಅಂತ ಇಲ್ಲಿ ಏನೂ ಉಳಿಯಬಾರದು. ಉಳಿಯಲಿಲ್ಲ. ಮನೆ ನಾರತೊಡಗಿದ್ದು ಅವತ್ತಿನಿಂದ. ತಮ್ಮ ಇದ್ದಾಗ ಇದ್ದದ್ದು ಎಣ್ಣೆಯ ಘಾಟು, ಕೆಲಸದಿಂದ ಬಂದವನ ಮೈಯ ಘಾಟು. ಈ ನಾತ ತಮ್ಮನದಲ್ಲ. ಅವನು ಆ ಒಣ ನೆಲದ ಮೇಲೆ ಹಾಗೇ ಕೂತುಬಿಟ್ಟ. ಅಳು ಬರಲಿಲ್ಲ, ನಾಚಿಕೆಯಾಯಿತು. ಕಿವಿಯ ತುದಿಯವರೆಗೂ ಬಿಸಿಯಾಗುವಂಥ ನಾಚಿಕೆ.

ಹೆಂಡತಿ ಯಾವಾಗ ಬಂದು ನಿಂತಿದ್ದಳೋ, ಚೊಂಬು ನೀರನ್ನು ಅವನ ಕೈಗೆ ಕೊಟ್ಟಳು. ಅವನು ಸುರಿದ. ನೀರು ಬಟ್ಟಲು ತುಂಬಿ, ಅಂಚಿಗೆ ಬಂದು, ಮಿಕ್ಕಿದ್ದು ಕೆಳಗಿಳಿಯಿತು. ಜಾಲರಿ ಮುಚ್ಚಿದ. ಕಿಟಕಿ ತೆಗೆದಳು ಅವಳು. ಇಷ್ಟೇ ಕೆಲಸ, ಇಷ್ಟಕ್ಕೆ ಎಷ್ಟು ದಿನ ಒದ್ದಾಡಿದೆವು ಎಂದು ಅವನು ಹೇಳಬೇಕೆಂದುಕೊಂಡ; ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ದಿನಾ ಯಾರು ನೀರು ಹಾಕ್ತಾರೆ?" ಎಂದು ಕೇಳಿದಳು. ಅವನು ಎದ್ದ. ಬೇರೆ ಅಂಗಿ ಕೇಳಿ ತೊಟ್ಟುಕೊಂಡು, ಊರಾಚೆಯ ದಾರಿ ಹಿಡಿದ.

ಸಾಬೂನು ಕಾರ್ಖಾನೆಯ ಗೇಟಿನೆದುರು ಅವನು ಹಿಂದೆಂದೂ ನಿಂತಿರಲಿಲ್ಲ. ಹಗಲುಪಾಳಿ ಬಿಟ್ಟು ಗಂಡಸರು ಹೆಂಗಸರು ಗುಂಪುಗುಂಪಾಗಿ ಹೊರಗೆ ಬರುತ್ತಿದ್ದರು, ಎಲ್ಲರದೂ ಅದೇ ಘಾಟು, ಅದರಲ್ಲಿ ತಮ್ಮನದು ಯಾವುದೆಂದು ಮೂಗು ಹುಡುಕುತ್ತಿತ್ತು. ಸಿಕ್ಕರೆ ಏನು ಹೇಳುವುದು? ಕ್ಷಮಿಸು ಎಂಬ ಮಾತನ್ನು ಅವನು ಗಿರಾಕಿಗಳಿಗೆ ದಿನವೂ ಹೇಳುತ್ತಿದ್ದ, ಕನ್ನಡಕ ತಡವಾದರೆ, ಬೆರಳು ಕಣ್ಣಿಗೆ ತಾಗಿದರೆ. ತಮ್ಮನಿಗೆ ಹೇಳಲು ಅದು ತೀರ ಸವೆದುಹೋದ ಮಾತೆನಿಸಿತು. ತಮ್ಮ ನಗದೇ ಇದ್ದರೆ? ಎಲ್ಲರ ಮುಂದೆ ಕಂಡೂ ಕಾಣದ ಹಾಗೆ ಹೋಗಿಬಿಟ್ಟರೆ? ಹೋಗಲಿ, ಆ ಶಿಕ್ಷೆಗೂ ತಾನು ಅರ್ಹ ಎಂದುಕೊಂಡ. ತಮ್ಮ ಬಂದ. ಸ್ವಲ್ಪ ಇಳಿದುಹೋಗಿದ್ದ. ಅಣ್ಣನನ್ನು ಕಂಡು ನಿಂತು, ಮೊದಲು ಕೇಳಿದ್ದು, "ಅತ್ತಿಗೆ ಆರಾಮಿದ್ದಾಳಾ?" ಎಂದು. ಅವನ ಮುಖ ಬಿಳಿಚಿತ್ತು.

"ಆರಾಮು. ಎಲ್ಲ ಆರಾಮು. ನಾನೇ... ಸುಮ್ನೆ ಬಂದೆ."

"ಸುಮ್ನೆ? ಇಷ್ಟು ದೂರ?"

"ನಿನ್ನ ಬಚ್ಚಲು ಒಣಗಿತ್ತು" ಎಂದು ಬಾಯಿಗೆ ಬಂತು. ತಯಾರು ಮಾಡಿಕೊಂಡಿದ್ದ ಮಾತೆಲ್ಲ ಎಲ್ಲೋ ಹೋಗಿ, ಸಿಕ್ಕಿದ ತುದಿ ಹಿಡಿದು ಎಳೆಯುತ್ತ ಹೋದ. "ಬಟ್ಟಲಿನ ನೀರನ್ನ ನಾನೇ ಹೀರಿ ತೆಗ್ದಿದ್ದೆ. ನೀನು ಹೋದ ದಿನ. ಅವತ್ತಿಂದ ಮನೆ ನಾರ್ತಿತ್ತು. ನಾನೂ ನಾರ್ತಿದ್ದೆ. ನೀನಿದ್ದಾಗ ನಾರ್ತಿರಲಿಲ್ಲ ಕಣೋ. ನಾನು ಅವತ್ತು ಅಂದದ್ದು ಸುಳ್ಳು. ಬರೀ ಸುಳ್ಳಲ್ಲ, ಕೆಟ್ಟ ಮಾತು. ತುತ್ತು ಎತ್ತಿದೋನಿಗೆ ಅನ್ನೋ ಮಾತಲ್ಲ."

ಪಕ್ಕದಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ತಮ್ಮ ತನ್ನ ಊಟದ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಪೂರ್ತಿ ಸುಳ್ಳೇನಲ್ಲ ಬಿಡು" ಅಂದ, ನಗಲು ಪ್ರಯತ್ನಿಸಿ. "ಬಸ್ಸಲ್ಲಿ ನನ್ನ ಪಕ್ಕ ಯಾವಾಗ್ಲೂ ಸೀಟು ಖಾಲಿ. ಆದ್ರೆ ಅದು ಬಸ್ಸು. ಮನೇಲಿ ಹಾಗೆ ಯಾರಾದ್ರೂ ಅಂತಾರೆ ಅಂತ ನಾನು ಅಂದ್ಕೊಂಡಿರಲಿಲ್ಲ." ಆಮೇಲೆ ತಮ್ಮ, ತನ್ನ ಬೂಟಿನ ತುದಿಗೆ ಹೇಳುವವನಂತೆ, "ನನ್ನ ರೂಮಲ್ಲಿ ನೀರೇ ಇಳೀತಿಲ್ಲ. ಮನೆಯೊಡತಿ ದಿನಾ ಬಾಗಿಲಿಗೆ ಬಂದು ಗಲಾಟೆ. ಬಂದು ನೋಡ್ತೀಯಾ?" ಎಂದು ಕೇಳಿದ.

ಅದು ಮಹಡಿಯ ಮೆಟ್ಟಿಲ ಕೆಳಗಿನ ಒಂಟಿ ಕೋಣೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಒಬ್ಬ ನಿಂತರೆ ತುಂಬುವ ಬಚ್ಚಲು, ಅದರಲ್ಲಿ ಪಾದ ಮುಳುಗುವಷ್ಟು ಬೂದುನೀರು. ಒಗೆಯದ ಕೆಲಸದ ಬಟ್ಟೆಗಳು ಬಕೆಟ್ಟಿನ ಮೇಲೆ ಗುಡ್ಡೆಯಾಗಿದ್ದವು. ಅವನು ಅಂಗಿಯ ತೋಳು ಮಡಚಿ, ಪ್ಯಾಂಟು ಎತ್ತಿ, ನೀರಿಗಿಳಿದು ಕೂತ. ತಮ್ಮ ದೀಪ ಹಿಡಿದು ಹಿಂದೆ ನಿಂತ. ಕೈ ಒಳಗೆ ಹೋಗಿ, ತಿರುವಿನಲ್ಲಿ ತಡೆದು, ಬೆರಳ ತುದಿಗೆ ಅದು ಸಿಕ್ಕಿತು: ನುಣುಪಾದ, ತಣ್ಣಗಿನ, ಗುರುತಿನ ಮುದ್ದೆ. ಎಳೆದ. ಬಂದದ್ದು ಅಂಗೈ ತುಂಬುವಷ್ಟಿತ್ತು. ದೀಪ ಹಿಡಿದ ತಮ್ಮ ಒಂದು ಹೆಜ್ಜೆ ಹಿಂದೆ ಸರಿದ. ಅವನು ತಿರುಗಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ತಮ್ಮ ಈಗ ಏನು ಕೇಳಲು ಕಾಯುತ್ತಿದ್ದಾನೆಂದು ಅವನಿಗೆ ತನ್ನ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು, ಹೊಡೆತಕ್ಕೆ ಮೊದಲೇ ಮೈ ಬಿಗಿದು ನಿಂತವನ ಹಾಗೆ. ಮುದ್ದೆ ಅಂಗೈಯಲ್ಲಿ ನಿಧಾನ ಬೆಚ್ಚಗಾಗುತ್ತಿತ್ತು. ಕೊಪ್ಪರಿಗೆಯ ಮುಂದೆ ನಿಂತು ಬೆವರಿದ ಮನುಷ್ಯನೊಬ್ಬನ ದಿನಗಳು ಇದರಲ್ಲಿವೆ, ಇದರಲ್ಲಿ ಇನ್ನೇನೂ ಇಲ್ಲ ಎಂದು ಅವನಿಗೆ ಮೊದಲ ಸಲ ಕಂಡಿತು.

"ಬಿಸಿನೀರು ಇಡೋ" ಅಂದ. "ಕುದೀಬಾರದು, ಕೈ ತಡೆಯೋಷ್ಟು ಸಾಕು."

ಎರಡು ಪಾತ್ರೆ ನೀರು ಹಾಕುವಷ್ಟರಲ್ಲಿ ಒಳಗೆಲ್ಲೋ ಏನೋ ಸಡಿಲಿತು. ನಿಂತ ನೀರು ಒಮ್ಮೆ ಸುಳಿ ತಿರುಗಿ, ದೊಡ್ಡ ಗುಟುಕು ಹಾಕಿದಂತೆ ಸದ್ದು ಮಾಡುತ್ತ ಇಳಿದುಹೋಯಿತು. ಇಬ್ಬರೂ ಕಿಂಡಿಯನ್ನೇ ನೋಡುತ್ತಿದ್ದರು. ತಮ್ಮ ಟವೆಲು ಕೊಡುತ್ತ, ಬಕೆಟ್ಟಿನ ಮೇಲಿನ ಗುಡ್ಡೆಯ ಕಡೆ ಗಲ್ಲ ತೋರಿಸಿ, ಅಣ್ಣ ಬೇಡವೆನ್ನಲು ಜಾಗ ಬಿಟ್ಟೇ ಹೇಳಿದ: "ಭಾನುವಾರ ರಜ. ಅತ್ತಿಗೆ ಕೈ ಊಟ ಮಾಡಿ ಬಹಳ ದಿನ ಆಯ್ತು. ಬರ್ತೀನಿ ಬೇಕಾದ್ರೆ. ಬಟ್ಟೆ ಮಾತ್ರ ಇಲ್ಲೇ ಬಿಟ್ಟು ಬರ್ತೀನಿ."

ಅವನು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. "ಬಟ್ಟೆ ತಗೊಂಡು ಬಾ" ಅಂದ. "ಎಲ್ಲಾನೂ ತಗೊಂಡು ಬಾ. ಅಲ್ಲೇ ಒಗಿ."